ಕಾವಿಗೆ ಕೂರದ ಕೋಳಿ

ನಾನೊಂದು ಕೋಳಿ. ಯಾವ ತಳಿ ಎಂದು ಕೇಳಿದರೆ ಹೇಳಲು ನನಗೇ ಗೊತ್ತಿಲ್ಲ. ಊರಿನವರು ಮಿಷಿನ್ ಕೋಳಿ ಎನ್ನುತ್ತಾರೆ, ನಾನೂ ಅದಕ್ಕೇ ಓಗೊಡುತ್ತೇನೆ. ಎಲ್ಲ ಕೋಳಿಗಳ ಹಾಗೆ ನಾನೂ ಮೊಟ್ಟೆ ಒಡೆದೇ ಬಂದವಳು. ಆದರೆ ಆ ಮೊಟ್ಟೆಯ ಮೇಲೆ ಯಾರೂ ಕೂತಿರಲಿಲ್ಲ. ಪೇಟೆಯ ಆಚೆ, ತಗಡಿನ ಚಾವಣಿಯ ಉದ್ದನೆಯ ಶೆಡ್ಡೊಂದರಲ್ಲಿ ಬೀರುವಿನಂಥ ಮಿಷಿನ್ನುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅದರಲ್ಲೊಂದರ ಒಳಗೆ, ಸಾವಿರಾರು ಮೊಟ್ಟೆಗಳ ನಡುವೆ ನನ್ನದೂ ಒಂದಿತ್ತು. ಊರ ಕೋಳಿಯ ಮರಿಗಳು ಹುಟ್ಟುವ ಮೊದಲೇ ಚಿಪ್ಪಿನೊಳಗಿನಿಂದ ತಾಯಿಯ ದನಿ ಕೇಳುತ್ತವಂತೆ. ನಾನು ಕೇಳಿದ್ದು ಮಿಷಿನ್ನಿನ ಗುಂಯ್ ಎನ್ನುವ ಸದ್ದು ಮಾತ್ರ.

ಚಿಪ್ಪು ಒಡೆದು ಮೈಯಿನ್ನೂ ಒಣಗಿರಲಿಲ್ಲ, ರಬ್ಬರ್ ಕವಚ ಹಾಕಿದ ಕೈಯೊಂದು ನನ್ನನ್ನು ಎತ್ತಿತು. ಕೆಂಪಗೆ ಕಾದ ಬ್ಲೇಡಿಗೆ ನನ್ನ ಕೊಕ್ಕಿನ ತುದಿಯನ್ನು ಮುಟ್ಟಿಸಿ ಕೆಳಗಿಟ್ಟಿತು. ಇಕ್ಕಟ್ಟಿನಲ್ಲಿ ಒಬ್ಬರನ್ನೊಬ್ಬರು ಕುಕ್ಕಿ ಕೊಲ್ಲಬಾರದೆಂದು ಹಾಗೆ ಮಾಡುತ್ತಾರಂತೆ. ನಾನು ಯಾರನ್ನು ಕುಕ್ಕಿದ್ದೆ? ಕಣ್ಣು ಬಿಟ್ಟೇ ಒಂದು ಗಳಿಗೆಯಾಗಿರಲಿಲ್ಲ. ಅಂದಿನಿಂದ ನನ್ನ ಕೊಕ್ಕು ಮೊಂಡು. ಆಮೇಲೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ನಮ್ಮನ್ನೆಲ್ಲ ತುಂಬಿ, ಮೇಲೆ ಟೇಪು ಅಂಟಿಸಿದರು.

ಆ ಪೆಟ್ಟಿಗೆಯನ್ನು ಕೊಂಡವನು ಸೀಗೆಕೊಪ್ಪಲಿನ ಜವರಪ್ಪ, ಗೂಡ್ಸ್ ಆಟೋ ಓಡಿಸುವವನು. ಕೊಳ್ಳಲು ಹೇಳಿದವಳು ಅವನ ಹೆಂಡತಿ ನಿಂಗಾಜಮ್ಮ. ಹೇಳುವ ಮೊದಲು ಅವಳು ಎಷ್ಟು ತಿಣುಕಿದ್ದಳೆಂದು ನಾನು ಕಂಡವಳಲ್ಲ. ಆದರೆ ಆಮೇಲಿನ ದಿನಗಳಲ್ಲಿ ಕಾಳು ಚೆಲ್ಲುತ್ತ ಚೆಲ್ಲುತ್ತ ತನಗೆ ತಾನೇ ಅದನ್ನು ಅಷ್ಟು ಸಲ ಹೇಳಿಕೊಂಡಿದ್ದಾಳೆ, ನನಗೆ ಬಾಯಿಪಾಠವಾಗಿದೆ.

ನಿಂಗಾಜಮ್ಮನ ತವರಿನಲ್ಲಿ ಜುಟ್ಟಿನ ಕೋಳಿಯ ಒಂದು ತಳಿ ಇತ್ತು. ಬೂದಿ ಬಣ್ಣ, ತಲೆಯ ಮೇಲೆ ಗರಿಯ ಕುಚ್ಚು, ಕುಳ್ಳು ಕಾಲು. ಆ ಮನೆತನದ ಹೆಣ್ಣುಮಕ್ಕಳಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಮಗಳು ಚೊಚ್ಚಲ ಬಾಣಂತನ ಮುಗಿಸಿ, ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಾಗ ತೊಟ್ಟಿಲ ಜೊತೆಗೆ ಒಂದು ಜುಟ್ಟಿನ ಕೋಳಿಯನ್ನು ಮರಿಗಳ ಸಮೇತ ಬಿದಿರಿನ ಮಂಕರಿಯಲ್ಲಿ ಕೂರಿಸಿ ಕಳಿಸಬೇಕು. ಅದಕ್ಕೆ ತೊಟ್ಟಿಲ ಕೋಳಿ ಎಂದೇ ಹೆಸರು. ನಿಂಗಾಜಮ್ಮನ ಅಜ್ಜಿ ಅವಳ ಅವ್ವನಿಗೆ ಕೊಟ್ಟಿದ್ದಳು, ಅವ್ವ ನಿಂಗಾಜಮ್ಮನಿಗೆ ಕೊಟ್ಟಿದ್ದಳು. ಅಕ್ಕತಂಗಿಯರ ಮನೆಗಳಲ್ಲಿ ಒಂದೊಂದಾಗಿ ಆ ತಳಿ ಅಳಿದುಹೋಗಿ, ಉಳಿದದ್ದು ನಿಂಗಾಜಮ್ಮನ ಹಿತ್ತಲಲ್ಲಿ ಮಾತ್ರ. ಅಲ್ಲಿಯೂ ಮುಂಗುಸಿಯ ಕಾಟದಿಂದ ಗೂಡು ಬರಿದಾಗಿ, ಆ ಬೇಸಗೆಗೆ ಒಂದೇ ಒಂದು ಕೋಳಿ ಉಳಿದಿತ್ತು. ಅವಳೇ ಜುಟ್ಟಿ. ಬಿಸಿಲಿನ ಝಳಕ್ಕೆ ಅವಳ ಕಾವಿನ ಮೊಟ್ಟೆಗಳೂ ಕೆಟ್ಟು, ಎರಡೇ ಮರಿಗಳು ಎದ್ದಿದ್ದವು.

ಅದೇ ಸಮಯಕ್ಕೆ ನಿಂಗಾಜಮ್ಮನ ಒಬ್ಬಳೇ ಮಗಳು ಸುಚಿತ್ರ ಏಳು ತಿಂಗಳ ಬಸುರಿಯಾಗಿ ಹೆರಿಗೆಗೆಂದು ತವರಿಗೆ ಬಂದಳು. ಬಾಣಂತಿಗೆ ಕೋಳಿ ಸಾರು ಬೇಕು, ಮೊಟ್ಟೆ ಬೇಕು. ಜುಟ್ಟಿಯ ಮೊಟ್ಟೆಗಳನ್ನು ಬೇಯಿಸಿ ತಿನ್ನಿಸಿದರೆ ಕಾವಿಗೆ ಇಡಲು ಮೊಟ್ಟೆಯಿಲ್ಲ, ಕಾವಿಗೆ ಇಟ್ಟರೆ ಬಾಣಂತಿಗಿಲ್ಲ. ತಿನ್ನುವ ಬಾಯಿಗೆ ಬೇರೆ ಕೋಳಿಗಳು ಬೇಕೇಬೇಕಾಗಿತ್ತು.

ಊರಿನ ಮೇಲುಗಡೆ ದೇವೀರಯ್ಯ ಎಂಬ ಮುದುಕನಿದ್ದ. ನಾಟಿ ಕೋಳಿ ಸಾಕುವುದರಲ್ಲೇ ಕೂದಲು ಬೆಳ್ಳಗಾದವನು. ಯಾವ ಕೋಳಿಯ ಮಗಳು ಯಾವುದು, ಯಾವುದು ಕಾವಿನಿಂದ ಏಳುವುದಿಲ್ಲ, ಯಾವುದು ಮರಿಗಳನ್ನು ಬಿಟ್ಟು ಓಡುತ್ತದೆ ಎಂದು ಅವನಿಗೆ ಗೊತ್ತು. ಅವನ ಬಾಯಿ ಮಾತ್ರ ಬೇವಿನ ಸೊಪ್ಪು. ನಿಂಗಾಜಮ್ಮ ಕೇಳಲು ಹೋದಾಗ ಅಂದನಂತೆ:

"ಮರಿ ಕೊಡಾಕಿಲ್ಲ ಕಣವ್ವ. ತಾಯಿ ಬುಟ್ಟ ಹೆಣ್ಗೋಳಿ, ಎಳೆ ಹ್ಯಾಟೆ ಕೊಡ್ತೀನಿ, ಆಸಾಡ ಕಳೀಲಿ. ಮೊದ್ಲು ನಿನ್ ಗೂಡು ನೋಡ್ತೀನಿ. ಮುಂಗ್ಸಿ ನುಗ್ಗೋ ಗೂಡಿಗೆ ನನ್ ಕೋಳಿ ಕಳ್ಸಾಕಿಲ್ಲ."

ನಿಂಗಾಜಮ್ಮ ಮನೆಗೆ ಬಂದು ಸೆರಗು ಕೊಡವಿದಳು. ಜವರಪ್ಪ ಸಮಾಧಾನದ ಮಾತಾಡಿದ. "ಕಾಯಾನ ತಕೋ. ಅವ್ನ ಕೋಳಿ ಗಟ್ಟಿ, ನಮ್ ಊರ ಗಾಳೀಲೇ ಬೆಳ್ದವು."

"ಅವ್ನ ಹ್ಯಾಟೆ ನನ್ ಗೂಡಿಗೆ ಬಂದು ಕಾವಿಗೆ ಕೂತ್ರೆ, ಮರಿ ಎದ್ರೆ, ನಾಳೆ ಊರೋರೆಲ್ಲ ಏನಂತಾರೆ? ನಿಂಗಾಜಿ ಹಿತ್ಲಲ್ಲಿರೋದು ದೇವೀರಯ್ಯನ ಕೋಳಿ ಅಂತಾರೆ. ನಮ್ಮವ್ವನ ಕೋಳಿ ಅನ್ನೋ ಹೆಸ್ರು ಅಲ್ಲಿಗೆ ಮುಗೀತು. ಮಿಷಿನ್ ಮರಿ ತಕ್ಕಬಾ. ಅವುಕ್ಕೆ ಹೆಸ್ರೂ ಇಲ್ಲ, ಕಾವಿಗೂ ಕೂರಾಕಿಲ್ಲ. ತಿಂದು ಮುಗಿಸಾನ, ಜುಟ್ಟಿ ಜುಟ್ಟಿಯಾಗೇ ಉಳೀತಾಳೆ."

ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ? ನಮ್ಮನ್ನಾಗಲಿ ಜುಟ್ಟಿಯನ್ನಾಗಲಿ ಯಾರೂ ಕೇಳಲಿಲ್ಲ. ಹೆಸರಿಲ್ಲ ಎಂಬ ಕಾರಣಕ್ಕೇ ನಾನು ಆ ಮನೆಗೆ ಬಂದೆ.

ಆಟೋದಿಂದ ಪೆಟ್ಟಿಗೆ ಇಳಿಸುವಾಗ ದೇವೀರಯ್ಯ ಬೇಲಿಯಾಚೆ ಹಾದುಹೋಗುತ್ತಿದ್ದವನು ನಿಂತ. ನಮ್ಮ ಚಿಂವ್‌ಚಿಂವ್ ಕೇಳಿ ಮುಖ ಸಿಂಡರಿಸಿದ. "ತಂದಿದ್ದಾಯ್ತು. ಈಗ ಒಂದ್ ಮಾತು ಕೇಳು ಜವರಪ್ಪ. ಇವನ್ನ ದೂರ ಮಡಗು. ನೀರು, ಕಾಳು, ಗೂಡು ಎಲ್ಲಾ ಬ್ಯಾರೆ. ಒಂದು ತಿಂಗ್ಳು ಜುಟ್ಟಿ ತಾವ ಬುಡಬ್ಯಾಡ" ಎಂದ. ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎಂದುಕೊಂಡರೂ ನಿಂಗಾಜಮ್ಮ ಆ ಮಾತನ್ನು ಪಾಲಿಸಿದಳು. ಅಡುಗೆಮನೆಯ ಮೂಲೆಯಲ್ಲಿ ನಮ್ಮ ಪೆಟ್ಟಿಗೆಯಿಟ್ಟು, ಮೇಲೊಂದು ಬಲ್ಬು ಇಳಿಬಿಟ್ಟಳು.

ಎರಡು ದಿನ ಬಲ್ಬು ಉರಿಯಿತು. ಮೂರನೆಯ ದಿನ ಗಾಳಿಮಳೆಗೆ ಎಲ್ಲೋ ಕಂಬ ಉರುಳಿ ಕರೆಂಟು ಹೋಯಿತು. ನಾವು ಒಬ್ಬರ ಮೇಲೊಬ್ಬರು ಬಿದ್ದು ಅರಚತೊಡಗಿದೆವು. ಅಡಿಯಲ್ಲಿ ಸಿಕ್ಕವರು ಅರಚುವುದನ್ನು ನಿಲ್ಲಿಸಿದರು. ಅವರ ಮೈ ತಣ್ಣಗಾಗುವುದು ನನ್ನ ಕಾಲಿಗೆ ತಿಳಿಯುತ್ತಿತ್ತು. ಗೋಡೆಗೆ ಒರಗಿ ಕೂತಿದ್ದ ಸುಚಿತ್ರ ಎರಡೂ ಕಿವಿ ಮುಚ್ಚಿಕೊಂಡಳು.

"ಅವ್ವ, ನನ್ ಕೈಲಿ ಕೇಳಕಾಗಲ್ಲ ಕಣವ್ವ. ಹೊಟ್ಟೆ ಒಳ್ಗಿಂದು ಒದ್ದಾಡ್ತದೆ. ಜುಟ್ಟಿ ಕೆಳಿಕ್ ಬುಟ್ಬುಡು."

"ದೇವೀರಯ್ಯ ಬ್ಯಾಡ ಅಂದವ್ನೆ ಕಣೆ."

"ಅವು ಸತ್ತೋಯ್ತವೆ ಅವ್ವ!"

ಬಸುರಿಯ ಬಯಕೆಯನ್ನು ತೆಗೆದುಹಾಕಬಾರದು ಎಂಬುದು ಆ ಸೀಮೆಯ ಮಾತು. ನಿಂಗಾಜಮ್ಮನ ಕರುಳೂ ಕಲ್ಲಲ್ಲ. ಮುಸ್ಸಂಜೆಗೆ ಬದುಕುಳಿದವರನ್ನು ಸೆರಗಿಗೆ ಹಾಕಿಕೊಂಡು ಹೋಗಿ, ಮಂಕರಿಯಡಿ ಕೂತಿದ್ದ ಜುಟ್ಟಿಯ ರೆಕ್ಕೆಯ ಕೆಳಗೆ ಒಬ್ಬೊಬ್ಬರನ್ನಾಗಿ ತಳ್ಳಿದಳು. ಬೆಳಕಿನಲ್ಲಿ ಬಿಟ್ಟರೆ ತಾಯಿಕೋಳಿ ಬೇರೆಯವರ ಮರಿಯನ್ನು ಕುಕ್ಕಿ ಓಡಿಸುತ್ತದೆ. ಕತ್ತಲಾಗುವ ಹೊತ್ತಿಗೆ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ಎಲ್ಲವೂ ಅವಳ ಮಕ್ಕಳೇ. ಹಳ್ಳಿಯ ಹೆಂಗಸರೆಲ್ಲ ಬಲ್ಲ ಉಪಾಯ ಅದು.

ನಾನು ಜುಟ್ಟಿಯ ಹೊಟ್ಟೆಯ ಗರಿಗಳೊಳಗೆ ತಲೆ ತೂರಿಸಿದೆ. ಅದರಂಥ ಬಿಸಿಯನ್ನು ನಾನು ಆಮೇಲೆಂದೂ ಕಂಡಿಲ್ಲ. ಮಿಷಿನ್ನಿನೊಳಗೂ ಬಿಸಿಯಿತ್ತು, ಆದರೆ ಇದು ಉಸಿರಾಡುತ್ತಿತ್ತು, ಇದಕ್ಕೊಂದು ಎದೆಬಡಿತವಿತ್ತು. ಅವಳು ಗಂಟಲಲ್ಲೇ ಗೊಟಗೊಟ ಅಂದಳು. ನಾನು ಹುಟ್ಟುವ ಮೊದಲು ಕೇಳಬೇಕಾಗಿದ್ದ ದನಿಯನ್ನು ಅಂದು ಕೇಳಿದೆ. ಅಷ್ಟೊತ್ತಿಗಾಗಲೇ ನಮ್ಮಲ್ಲಿ ಒಂದಿಬ್ಬರ ಮೂಗಿನಲ್ಲಿ ಸಣ್ಣಗೆ ಗೊರಗೊರ ಸದ್ದಿತ್ತು. ಆ ಮಳೆಯಲ್ಲಿ ಅದನ್ನು ಕೇಳುವವರು ಯಾರು?

ಜುಟ್ಟಿ ನಮ್ಮನ್ನು ಭೇದವಿಲ್ಲದೆ ಸಾಕಿದಳು. ಕೋಳಿ ತುಳಿದು ಮರಿ ಸಾಯುವುದಿಲ್ಲ ಎನ್ನುತ್ತಾರಲ್ಲ, ಅವಳು ನಮ್ಮನ್ನು ಸಾಕಷ್ಟು ತುಳಿದಳು. ಹದ್ದಿನ ನೆರಳು ಕಂಡರೆ ಹೇಗೆ ಬೇಲಿಯಡಿ ನುಗ್ಗಬೇಕು, ತಿಪ್ಪೆಯನ್ನು ಯಾವ ಕಾಲಲ್ಲಿ ಕೆದಕಿ ಯಾವ ಕಡೆ ನೋಡಬೇಕು ಎಲ್ಲ ಕಲಿಸಿದಳು. ನನ್ನ ಮೊಂಡು ಕೊಕ್ಕಿಗೆ ನೆಲದ ಬಿರುಕಿನ ರಾಗಿಕಾಳು ಸಿಗುತ್ತಿರಲಿಲ್ಲ. ಅವಳು ಹೆಕ್ಕಿ ತೆಗೆದು ನನ್ನ ಮುಂದೆ ಹಾಕಿ, ಕೊಕ್ ಕೊಕ್ ಕೊರ್ ಎಂದು ಕರೆಯುತ್ತಿದ್ದಳು. ಕೊನೆಯಲ್ಲಿ ಆ ಕೊರ್ ಎಳೆಯುವುದು ಜುಟ್ಟಿಯ ಮನೆತನದ ರೀತಿಯಂತೆ, ನಿಂಗಾಜಮ್ಮ ಹೇಳುತ್ತಿದ್ದಳು. ಆ ಕರೆಯನ್ನು ನಾನೂ ಕಲಿತೆ.

ಆ ಮನೆಯವರನ್ನು ನಾನು ಕಂಡದ್ದೆಲ್ಲ ಕಾಲುಗಳಿಂದ. ನಿಂಗಾಜಮ್ಮನದು ಒಡೆದ ಹಿಮ್ಮಡಿ, ಕಾಳು ತರುವ ಕಾಲು. ಜವರಪ್ಪನದು ಟೈರಿನ ಚಪ್ಪಲಿ, ಎಲ್ಲರನ್ನೂ ಹಾದಿಯಿಂದ ಸರಿಸುವ ಕಾಲು. ಸುಚಿತ್ರಳ ಊದಿದ ಪಾದಗಳು ಒಂದು ದಿನ ಕಾಣದಾಗಿ, ಮರಳಿ ಬಂದಾಗ ತೆಳ್ಳಗಾಗಿದ್ದವು. ಜೊತೆಯಲ್ಲಿ ಒಂದು ಅಳುವಿತ್ತು. ಹೆಣ್ಣು ಮಗು. ನಮ್ಮ ಜೊತೆಯ ಹುಂಜಗಳು ಒಂದೊಂದಾಗಿ ಬಾಣಂತಿಯ ಸಾರಿಗೆ ಹೋದವು. ಅದಕ್ಕೆಂದೇ ತಂದದ್ದಲ್ಲವೇ? ಜುಟ್ಟಿಯ ಎರಡು ಮರಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎರಡೂ ಹ್ಯಾಟೆಗಳು, ತಲೆಯ ಮೇಲೆ ಆಗಲೇ ಕುಚ್ಚು ಏಳುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ನಾನು ಮೊಟ್ಟೆಯಿಡತೊಡಗಿದೆ. ಹೆಚ್ಚುಕಮ್ಮಿ ದಿನಕ್ಕೊಂದು, ಸೊಕ್ಕಿನಿಂದ ಕೂಗಿ ಕೂಗಿ ಇಟ್ಟೆ. ಜವರಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಪಕ್ಕದ ಮನೆಯ ಹುಂಜ ಬೇಲಿ ನುಸುಳಿ ಬರುತ್ತಿತ್ತು, ಜುಟ್ಟಿಯೂ ಮೊಟ್ಟೆ ಶುರುಮಾಡಿದಳು. ಅವಳ ಮೊಟ್ಟೆಗಳನ್ನು ನಿಂಗಾಜಮ್ಮ ರಾಗಿ ತುಂಬಿದ ಮಡಕೆಯಲ್ಲಿ ಹುಗಿದಿಡುತ್ತಿದ್ದಳು, ಕಾವಿಗೆ. ಮಗುವಿಗೆ ಐದು ತಿಂಗಳಾದಾಗ ಸುಚಿತ್ರ ಹೊರಡಬೇಕು, ಅಷ್ಟರಲ್ಲಿ ಜುಟ್ಟಿ ಮರಿ ಎಬ್ಬಿಸಬೇಕು, ಮಂಕರಿ ಹೊಸದಾಗಿ ಹೆಣೆಸಬೇಕು. ಲೆಕ್ಕವೆಲ್ಲ ಸರಿಯಾಗಿತ್ತು.

ಆಗ ಚಳಿ ಇನ್ನೂ ಜೋರಾಯಿತು. ನಮ್ಮ ಮೂಗಿನಲ್ಲಿ ಅಡಗಿದ್ದ ಗೊರಗೊರ ಹೊರಬಂತು. ನಾವು ನಾಲ್ಕು ದಿನ ಸೀನಿದೆವು, ಕಣ್ಣು ಅಂಟಿತು, ರೆಕ್ಕೆ ಇಳಿಬಿಟ್ಟು ನಿಂತೆವು, ಮತ್ತೆ ಎದ್ದು ಓಡಾಡಿದೆವು. ಜುಟ್ಟಿಯ ಹ್ಯಾಟೆಗಳು ಏಳಲಿಲ್ಲ. ಮೊದಲು ಒಂದು, ಆಮೇಲೆ ಇನ್ನೊಂದು. ನಿಂಗಾಜಮ್ಮ ಅರಿಸಿನ ಬೆಳ್ಳುಳ್ಳಿ ಅರೆದು ಉಂಡೆ ಕಟ್ಟಿ ಬಾಯಿಗೆ ತುರುಕಿದಳು, ದನದ ಡಾಕ್ಟರ ಹತ್ತಿರ ಓಡಿ ನೀಲಿ ಔಷಧಿ ತಂದಳು. ಜುಟ್ಟಿಯ ಮುಖ ಊದಿಕೊಂಡಿತು, ಕಣ್ಣು ಮುಚ್ಚಿತು. ಕಾಣದಿದ್ದರೂ ಅವಳು ನೆಲ ಕುಕ್ಕುತ್ತ ಕೊಕ್ ಕೊಕ್ ಕೊರ್ ಎನ್ನುತ್ತಿದ್ದಳು. ಅಲ್ಲಿ ಕಾಳೇ ಇರಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. ನನಗೆ ಬೇರೆ ಏನೂ ಮಾಡಲು ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳನ್ನು ನುಗ್ಗೆಮರದ ಬುಡದಲ್ಲಿ ಹೂತರು.

ದೇವೀರಯ್ಯ ಬಂದ. ಬೇಲಿ ದಾಟಲಿಲ್ಲ, ಆಚೆಯೇ ನಿಂತ. "ಇವು ಮಿಷಿನ್ ತಾವಿಂದ್ಲೇ ತಂದಿರ್ತವೆ ಕಣವ್ವ. ಇವುಕ್ಕೆ ಬಂದು ಹೋಯ್ತದೆ, ನಮ್ಮವು ತಡ್ಯಾಕಿಲ್ಲ. ಅದ್ಕೇ ದೂರ ಮಡಗು ಅಂದೆ" ಎಂದ. ನಮ್ಮಿಂದಲೇ ಹೋಯಿತೋ, ಗಾಳಿಯಲ್ಲಿ ಬಂತೋ, ನಾನು ಬಲ್ಲವಳಲ್ಲ. ನಾನು ಅವಳ ಎದೆಗೆ ಮೂಗು ಒತ್ತಿ ಮಲಗಿದ್ದು ಮಾತ್ರ ನಿಜ.

ನಿಂಗಾಜಮ್ಮ ಒಳಗೆ ಹೋಗಿ ರಾಗಿಯ ಮಡಕೆಯನ್ನು ಎದೆಗವಚಿ ತಂದಳು. "ಅವ್ಳ ಮೊಟ್ಟೆ ಏಳೆಂಟು ಅವೆ ಕಣಪ್ಪ. ನಿನ್ ಕೋಳಿ ಯಾವ್ದಾರ ಕಾವಿಗೆ ಕೂತಿದ್ರೆ ಅದ್ರ ಕೆಳಗೆ ಮಡಗು. ನಿನ್ ಕಾಲಿಗ್ ಬೀಳ್ತೀನಿ."

ಮುದುಕ ಮಡಕೆಯನ್ನೇ ನೋಡಿದ. "ತಕ್ಕೊಂಡೋದ್ರೆ ಈ ರೋಗ ನನ್ ಗೂಡಿಗ್ ಬತ್ತದೆ. ನನ್ ಕೋಳೀನ ಇಲ್ಲಿಗ್ ತಂದ್ರೆ ಅದೂ ಸಾಯ್ತದೆ. ನಾನೇನ್ ಮಾಡ್ಲವ್ವ?"

"ನಮ್ಮವ್ವನ ಕೋಳಿ ಅದು."

"ಗೊತ್ತು" ಎಂದು ಅವನು ಮುಖ ತಿರುಗಿಸಿಕೊಂಡ. ಹಾಗೇ ಹೊರಟುಹೋದ. ಅಕ್ಕಪಕ್ಕದವರೂ ಅದೇ ಭಯಕ್ಕೆ ತಮ್ಮ ಕೋಳಿಗಳನ್ನು ಮುಚ್ಚಿಟ್ಟುಕೊಂಡರು.

ಉಳಿದ ಮಿಷಿನ್ ಕೋಳಿಗಳಲ್ಲಿ ಜುಟ್ಟಿಯ ಕೂಗು ಕಲಿತವಳು ನಾನೊಬ್ಬಳೇ. ನಿಂಗಾಜಮ್ಮ ನನ್ನನ್ನು ಎತ್ತಿ ಮುಖಕ್ಕೆ ಮುಖ ಹಿಡಿದಳು. ಮೊದಲ ಸಲ ನಾನು ಅವಳ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ಕಂಡೆ. "ನೀನು ಅವ್ಳ ಹೊಟ್ಟೆ ಕೆಳಗೆ ಮಲಗಿದ್ದೋಳು. ಅವ್ಳಂಗೇ ಕೂಗ್ತೀಯ. ಕೂತ್ಕೊಳೋದೂ ನಿಂಗೆ ಗೊತ್ತದೆ. ಕೂತ್ಕೊ ನನ್ನವ್ವ" ಎಂದಳು. ಹಳೆಯ ಮಂಕರಿಯಲ್ಲಿ ಹುಲ್ಲು ಹಾಸಿ, ಜುಟ್ಟಿಯ ಮೊಟ್ಟೆಗಳಿಗೆ ಇದ್ದಲಿನಲ್ಲಿ ಗೀಟೆಳೆದು ಗುರುತು ಮಾಡಿ, ನನ್ನನ್ನು ಮೇಲೆ ಕೂರಿಸಿ ಇನ್ನೊಂದು ಮಂಕರಿ ಬೋರಲು ಹಾಕಿದಳು.

ನಾನು ಕೂತೆ. ಒತ್ತಾಯಕ್ಕೆ ಕೂತೆ ಎಂದುಕೊಳ್ಳಬೇಡಿ. ಮನಸ್ಸಿಟ್ಟು ಕೂತೆ. ಜುಟ್ಟಿ ಮಾಡುತ್ತಿದ್ದಂತೆ ಗರಿ ಬಿಚ್ಚಿ, ರೆಕ್ಕೆ ಅಗಲಿಸಿ, ಕಾಲಿನಿಂದ ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡೆ. ನಿಂಗಾಜಮ್ಮ ದಿನಕ್ಕೊಮ್ಮೆ ನೀರು ಕಾಳು ತಿನ್ನಲು ಎಬ್ಬಿಸುತ್ತಿದ್ದಳು, ನಾನು ತಿಂದು ಮರಳಿ ಕೂರುತ್ತಿದ್ದೆ. ಒಂದು ವಾರವಾದ ಮೇಲೆ ಅವಳು ಒಂದು ಮೊಟ್ಟೆಯನ್ನು ಎತ್ತಿ ಮೊಬೈಲಿನ ಟಾರ್ಚಿಗೆ ಹಿಡಿದಳು. ಒಳಗೆ ಕೆಂಪು ಎಳೆಗಳು ಕವಲೊಡೆದಿದ್ದವು. "ಸುಚೀ, ಜೀವ ಅದೆ ಕಣೇ! ಎಲ್ಲದ್ರಲ್ಲೂ ಅದೆ!" ಎಂದು ಕೂಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನ್ನ ತಲೆ ಸವರಿದಳು. ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನ ಬರಲಿಲ್ಲ.

ಆದರೆ ಮೈ ನನ್ನ ಮಾತು ಕೇಳಲಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ, ಅದು ಅವಳ ಮೈಗೆ ತಾನಾಗಿ ತಿಳಿಯುತ್ತದೆ. ನನ್ನ ಮೈ ನಿಲ್ಲಿಸಲಿಲ್ಲ. ಜುಟ್ಟಿಯ ಮೊಟ್ಟೆಗಳ ಮೇಲೆಯೇ ನನ್ನ ಮೊಟ್ಟೆ ಬೀಳುತ್ತಿತ್ತು. ನಿಂಗಾಜಮ್ಮ ಗೀಟಿಲ್ಲದ್ದನ್ನು ಎತ್ತಿಕೊಂಡು ಹೋಗುತ್ತಿದ್ದಳು, ಮರುದಿನ ಮತ್ತೊಂದು. ಯಾವ ಶೆಡ್ಡಿನಲ್ಲಿ, ಎಷ್ಟು ತಲೆಮಾರಿನಿಂದ, ಕೂರುವ ಕೋಳಿಗಳನ್ನೆಲ್ಲ ತೆಗೆದುಹಾಕಿ ಇಡುವ ಕೋಳಿಗಳನ್ನಷ್ಟೇ ಉಳಿಸಿಕೊಂಡು ನನ್ನನ್ನು ಮಾಡಿದ್ದರೋ! ದಿನ ಕಳೆದಂತೆ ಕಾಲು ಚಡಪಡಿಸತೊಡಗಿತು. ಮೈಯ ಬಿಸಿ ಇಳಿಯಿತು.

ಅಂದು ಬೆಳಿಗ್ಗೆ ನಿಂಗಾಜಮ್ಮ ಮಂಕರಿ ಎತ್ತಿ ಕಾಳು ಹಾಕಿದಳು. ಒಳಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು. "ತಿನ್ಕೊಂಡ್ ಕೂತ್ಕೊ" ಎಂದು ಒಳಗೆ ಹೋದಳು. ಅಷ್ಟರಲ್ಲಿ ಸುಚಿತ್ರಳನ್ನು ಕರೆದೊಯ್ಯುವ ದಿನ ಗೊತ್ತುಮಾಡಲು ಬೀಗರ ಮನೆಯವರು ಬಂದರು. ಕಾಫಿ, ತಿಂಡಿ, ಮಾತು. ನಾನು ಕಾಳು ತಿಂದೆ. ನೀರು ಕುಡಿದೆ. ಬಿಸಿಲು ಹಿತವಾಗಿತ್ತು, ತಿಪ್ಪೆಯ ಮಣ್ಣು ಸಡಿಲವಾಗಿತ್ತು. ಮಂಕರಿ ಅಲ್ಲೇ, ನಾಲ್ಕು ಹೆಜ್ಜೆಯಾಚೆ ಇತ್ತು. ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಕಾಲು ಮಾತ್ರ ಆ ಕಡೆ ಹೋಗಲಿಲ್ಲ. ನಾನು ಮಣ್ಣು ಕೆದಕುತ್ತಲೇ ಇದ್ದೆ.

ಬೀಗರು ಹೊರಟ ಮೇಲೆ ನಿಂಗಾಜಮ್ಮ ಬಂದಳು. ಹೊತ್ತು ಆಗಲೇ ಇಳಿದಿತ್ತು, ಮಾಘದ ಗಾಳಿ ಬೀಸುತ್ತಿತ್ತು. ಮೊಟ್ಟೆಗಳ ಮೇಲೆ ಅಂಗೈಯಿಟ್ಟಳು. ನನ್ನನ್ನು ಬೈದು ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮೊಟ್ಟೆಗಳನ್ನೆಲ್ಲ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಸೆರಗಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ಒಲೆಯ ಪಕ್ಕ ಕೂತಳು. ಕೂತವಳು ಊಟಕ್ಕೂ ಏಳಲಿಲ್ಲ. ಹಿತ್ತಲ ಬಾಗಿಲಿನಿಂದ ನನಗೆ ಅವಳ ಮಡಿಚಿದ ಕಾಲುಗಳು ಕಾಣುತ್ತಿದ್ದವು.

ಜವರಪ್ಪ ಬಂದು ನೋಡಿ ನಕ್ಕ. "ಏನಮ್ಮಿ, ನೀನ್ಯಾವಾಗ ಕಾವಿಗ್ ಕೂತೆ?" ಎಂದ. ಅವಳು ತಲೆಯೆತ್ತಿದಳು. ಅವಳ ಮುಖ ಕಂಡು ಅವನ ನಗು ಅಲ್ಲೇ ನಿಂತಿತು. ಒಲೆಗೆ ಎರಡು ಕೊಳ್ಳಿ ಒಟ್ಟಿ, ಪಕ್ಕದಲ್ಲೇ ಕೂತುಕೊಂಡ.

ಮರುದಿನ ಟಾರ್ಚಿಗೆ ಹಿಡಿದಾಗ ಕೆಂಪು ಎಳೆಗಳು ಕಪ್ಪಾಗಿದ್ದವು. ಅವಳು ಪ್ರತಿಯೊಂದನ್ನೂ ಹಿಡಿದು ನೋಡಿದಳು. ಆಮೇಲೆ ತಾನೇ ನುಗ್ಗೆಮರದ ಬುಡ ಅಗೆದಳು.

ಹೊರಡುವ ದಿನ ಅಂಗಳದಲ್ಲಿ ತೊಟ್ಟಿಲು, ಹಾಸಿಗೆ, ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ಪಕ್ಕದಲ್ಲೊಂದು ಹೊಸ ಮಂಕರಿ. ಮೊದಲೇ ಹೆಣೆಸಿಟ್ಟದ್ದು. ಜವರಪ್ಪ ತಲೆ ಕೆರೆದುಕೊಂಡ. "ದೇವೀರಯ್ಯನ ತಾವ ಮರಿ ಇರೋ ಕೋಳಿ ಒಂದು ಇಸ್ಕಬತ್ತೀನಿ. ಬೀಗ್ರಿಗೇನ್ ಗೊತ್ತಾಯ್ತದೆ?"

"ನಂಗ್ ಗೊತ್ತಾಯ್ತದಲ್ಲ" ಎಂದಳು ನಿಂಗಾಜಮ್ಮ.

ಸುಚಿತ್ರ ಮಗುವನ್ನು ಎತ್ತಿಕೊಂಡೇ ಬಗ್ಗಿ ನನ್ನನ್ನು ತೋರಿಸಿದಳು. "ಇದ್ನೇ ಕೊಡವ್ವ. ಜುಟ್ಟಿ ಸಾಕಿದ್ದಲ್ವಾ? ನಾನೇ ಅಲ್ವಾ ಕೆಳಿಕ್ ಬುಡು ಅಂದಿದ್ದು?"

ನಿಂಗಾಜಮ್ಮ ಮಗಳ ಕೆನ್ನೆ ಒರೆಸಿದಳು. "ನೀನೇನ್ ಮಾಡ್ದೆ ಮಗ, ಜೀವ ಉಳ್ಸು ಅಂದೆ. ಇದು ಬ್ಯಾಡ ಕಣವ್ವ. ಮೊಂಡು ಕೊಕ್ಕು ನೋಡ್ತಿದ್ದಂಗೇ ನಿಮ್ಮತ್ತೆ ಕಂಡ್ಕತಾಳೆ. ಇದು ಕೂರೋ ಕೋಳಿ ಅಲ್ಲ" ಎಂದಳು. ಆಟೋ ಹೊರಟಿತು. ತೊಟ್ಟಿಲು ಹೋಯಿತು, ಮಂಕರಿ ಉಳಿಯಿತು. ನಿಂಗಾಜಮ್ಮ ಅದನ್ನು ತಂದು ಹಿತ್ತಲ ಚಪ್ಪರದ ಮೂಲೆಗೆ ಎಸೆದಳು.

ಅದಾಗಿ ವರ್ಷಗಳು ಕಳೆದಿವೆ. ನನ್ನ ಜೊತೆಯವರು ಕೆಲವರು ಸಾರಿಗೆ, ಕೆಲವರು ಸಂತೆಗೆ ಹೋದರು. ನಾನು ಮೊಟ್ಟೆಯಿಟ್ಟೆ, ಇಟ್ಟೆ, ಇಡುತ್ತಲೇ ಇದ್ದೆ. ಹಾಳಾದ ಆ ಮೊಟ್ಟೆಗಳು! ಕೊನೆಕೊನೆಗೆ ಚಿಪ್ಪು ತೆಳ್ಳಗಾಗಿ ಕೈಯಲ್ಲೇ ಒಡೆಯುತ್ತಿತ್ತು. ಆಮೇಲೆ ಅದೂ ನಿಂತಿತು. ಜವರಪ್ಪ ಒಂದೆರಡು ಸಲ ನನ್ನನ್ನು ಎತ್ತಿ ತೂಗಿ ನೋಡಿದ. "ಮೊಟ್ಟೆ ಇಲ್ಲ ಗಿಟ್ಟೆ ಇಲ್ಲ, ಕಾಳು ದಂಡ" ಎಂದ. ನಿಂಗಾಜಮ್ಮ "ಇರ್ಲಿ ಬುಡು" ಎಂದಳು. ಬೇರೆ ಕೋಳಿ ತರಲು ಅವಳಿಗೆ ಮನಸ್ಸಾಗಲಿಲ್ಲ. ದೇವೀರಯ್ಯನೇ ಕರೆದು ಕೊಡುತ್ತೇನೆಂದರೂ ಒಲ್ಲೆ ಎಂದಳು.

ಒಮ್ಮೊಮ್ಮೆ ಸುಚಿತ್ರ ಮಗಳನ್ನು ಕರೆದುಕೊಂಡು ಬರುತ್ತಾಳೆ. ಆ ಪುಟ್ಟ ಕಾಲುಗಳು ಈಗ ಓಡುತ್ತವೆ. ಮಗು ರಾಗಿ ಚೆಲ್ಲಿದರೆ ನಾನು ಕೊಕ್ ಕೊಕ್ ಕೊರ್ ಎಂದು ಕರೆಯುತ್ತೇನೆ. ಕರೆದರೆ ಬರುವ ಮರಿಗಳು ನನಗಿಲ್ಲ. ಆದರೂ ಕರೆಯುತ್ತೇನೆ. ಆಗೆಲ್ಲ ಪಾತ್ರೆ ತೊಳೆಯುತ್ತಿರುವ ನಿಂಗಾಜಮ್ಮನ ಕೈ ನಿಂತುಬಿಡುತ್ತದೆ. ಜುಟ್ಟಿಯ ಮನೆತನದಲ್ಲಿ ಉಳಿದದ್ದು ಆ ಒಂದು ಕೂಗು. ಅದೂ ಒಂದು ಮಿಷಿನ್ ಕೋಳಿಯ ಗಂಟಲಲ್ಲಿ.

ಈ ಬೇಸಗೆಯಲ್ಲಿ ನನ್ನ ಮೈ ಬಿಸಿಯೇರತೊಡಗಿತು. ಜ್ವರವೆಂದುಕೊಂಡೆ. ತಿನ್ನಲು ಬೇಡ, ಕೆದಕಲು ಬೇಡ, ಯಾರಾದರೂ ಹತ್ತಿರ ಬಂದರೆ ಗರಿ ಕೆದರುತ್ತದೆ. ಚಪ್ಪರದ ಮೂಲೆಯಲ್ಲಿ ಬಿದ್ದಿದ್ದ ಆ ಮಂಕರಿಯೊಳಗೆ ಹೋಗಿ, ಗರಿ ಬಿಚ್ಚಿ, ರೆಕ್ಕೆ ಅಗಲಿಸಿ ಕೂತೆ. ಆಮೇಲೆ ತಿಳಿಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು. ಮೊಟ್ಟೆಗಳೆಲ್ಲ ಮುಗಿದ ಮೇಲೆ ಮೈಗೆ ಕಾವು ಬಂದಿತ್ತು.

ಸುಮ್ಮನೆ ಕಾವಿಗೆ ಕೂತ ಕೋಳಿಯನ್ನು ಹಳ್ಳಿಯಲ್ಲಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ, ಇಲ್ಲವೇ ಮೂಗಿಗೆ ಗರಿ ಚುಚ್ಚುತ್ತಾರೆ. ಕಾವು ಬಿಟ್ಟು ಏಳಲಿ ಎಂದು. ಜವರಪ್ಪ ನನ್ನನ್ನು ಕಂಡು ಬಕೆಟ್ಟಿಗೆ ನೀರು ತುಂಬಿದ. ನಿಂಗಾಜಮ್ಮ ಅವನ ಕೈಯಿಂದ ಬಕೆಟ್ಟನ್ನು ತೆಗೆದು ಪಕ್ಕಕ್ಕಿಟ್ಟಳು. ಒಡೆದ ಹಿಮ್ಮಡಿಗಳು ನಿಧಾನವಾಗಿ ನನ್ನತ್ತ ಬಂದವು. ಅವಳು ಮಂಡಿ ಊರಿ ಕೂತು ನನ್ನ ಹೊಟ್ಟೆಯ ಕೆಳಗೆ ಕೈ ತೂರಿಸಿದಳು. ಅಲ್ಲಿ ಹುಲ್ಲೂ ಇರಲಿಲ್ಲ, ಬರಿಯ ಬಿದಿರು. ನಾನು ಕುಕ್ಕಲಿಲ್ಲ. ಅವಳು ಕೈ ತೆಗೆಯಲಿಲ್ಲ. ಆ ಕೈ ತಣ್ಣಗಿತ್ತು, ಬರಬರುತ್ತ ಬೆಚ್ಚಗಾಯಿತು.

"ಈಗ ಕೂತ್ಯಾ?" ಎಂದಳು.

ಅವಳ ಕಣ್ಣೀರು ನನ್ನ ಬೆನ್ನ ಗರಿಗಳ ಮೇಲೆ ಬಿತ್ತು. ನಾನು ಅವಳ ಬೆರಳುಗಳನ್ನು ಕಾಲಿನಿಂದ ಮೆಲ್ಲಗೆ ಹೊಟ್ಟೆಯ ಕೆಳಗೆ ಎಳೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕೈ ಬಿಡಿಸಿಕೊಂಡು ಎದ್ದು ಒಳಗೆ ಹೋದಳು. ನಾನು ಏಳಲಿಲ್ಲ.